ಅರ್ಧ ಪೊಟ್ಟಣ

ರಕ್ತಕ್ಕೆ ಎಷ್ಟು ಗೊತ್ತಿರುತ್ತದೆ ಎಂಬ ಒಂದೇ ಪ್ರಶ್ನೆ ಬೆಳಿಗ್ಗೆಯಿಂದ ವೀರಬಸಪ್ಪನನ್ನು ತಿನ್ನುತ್ತಿತ್ತು. ಹೋದ ಬುಧವಾರ ಹೆಬ್ಬಾಳದ ಆಸ್ಪತ್ರೆಯಲ್ಲಿ ಅವನ ಎಡಗೈಯಿಂದ ಎರಡು ಸಣ್ಣ ಸೀಸೆ ರಕ್ತ ತೆಗೆದಿದ್ದರು. ಇವತ್ತು ಅದರ ವರದಿ. ಸಕ್ಕರೆ ಎಷ್ಟು, ಕಬ್ಬಿಣ ಎಷ್ಟು ಎಂದೆಲ್ಲ ಒದರುವ ರಕ್ತ, ಈ ಮನುಷ್ಯ ಇನ್ನೊಬ್ಬನ ಪಾಲನ್ನೂ ಕುಡಿದಿದ್ದಾನೆ ಎಂದು ಹೇಳಿಬಿಟ್ಟರೆ? ಹೇಳುವುದಿಲ್ಲ, ಎಲ್ಲಾದರೂ ಉಂಟೇ, ಎಂದು ಬಸ್ಸಿನ ಕಂಬಿ ಹಿಡಿದು ತನಗೆ ತಾನೇ ಅಂದುಕೊಂಡ. ಬಸ್ಸು ಬಿಇಎಲ್ ಸರ್ಕಲ್ಲಿನಲ್ಲಿ ನಿಂತು ಹತ್ತು ನಿಮಿಷವಾಗಿತ್ತು. ಪಕ್ಕದ ಸೀಟಿನ ಹೆಂಗಸಿನ ಮುಡಿಯಲ್ಲಿ ನಿನ್ನೆಯ ಮಲ್ಲಿಗೆ. ನಿನ್ನೆಯದು ಎಂದು ಅವನಿಗೆ ತಿಳಿದದ್ದು ಕಣ್ಣಿಂದಲ್ಲ, ಮೂಗಿನಿಂದ. ಅರಳಿ ಬಾಡಿದ ಮೊಗ್ಗಿಗೆ ಬರುವ ಆ ಸಣ್ಣ ಹುಳಿ. ಮೊದಲಾಗಿದ್ದರೆ ಖುಷಿಯಾಗುತ್ತಿತ್ತು. ಈಗ ಯಾವ ವಾಸನೆ ಬಂದರೂ, ಇದು ನಿನ್ನದೇನೋ ಎಂದು ಯಾರೋ ಕೇಳಿದ ಹಾಗಾಗಿ ಮೈ ಬೆವರುತ್ತಿತ್ತು. ಮುಖ ಕಿಟಕಿಯ ಕಡೆ ತಿರುಗಿಸಿದ. ಅಲ್ಲಿ ಡೀಸೆಲ್ ವಾಸನೆ. ಅದೂ ಬಂತು.

ಒಂದು ವರ್ಷ ಅವನಿಗೆ ಮೂಗೇ ಇರಲಿಲ್ಲ. ಯಶವಂತಪುರದ ಊದುಬತ್ತಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ ವಾಸನೆ ನೋಡುವುದು. ಗಂಧದೆಣ್ಣೆಯಲ್ಲಿ ಅದ್ದಿ ಒಣಗಿಸಿದ ಪ್ರತಿ ಕಂತಿನಿಂದ ಎರಡು ಕಡ್ಡಿ ಎಳೆದು, ಒಂದನ್ನು ಹಾಗೇ ಮೂಸಿ, ಇನ್ನೊಂದನ್ನು ಹಚ್ಚಿ ಮೂಸಿ, ಸರಿ ಅಂದರೆ ಪ್ಯಾಕಿಂಗಿಗೆ ಹೋಗುತ್ತಿತ್ತು. ರೋಣದ ಕಡೆಯಿಂದ ಬಂದ, ಹತ್ತನೇ ಇಯತ್ತೆ ದಾಟದ ಗಂಡಸಿಗೆ ಈ ಊರಿನಲ್ಲಿ ಮರ್ಯಾದೆ ತಂದದ್ದು ಅದೊಂದೇ. ಆ ಮೂಗು ಸತ್ತ ಮೇಲೂ ಅವನು ತಿಂಗಳುಗಟ್ಟಲೆ ಕಡ್ಡಿ ಮೂಸಿದ. ಕಣ್ಣು ಮುಚ್ಚುವುದು, ತಲೆ ಸ್ವಲ್ಪ ಓರೆ ಮಾಡುವುದು, ಮೂರು ಸಲ ಉಸಿರೆಳೆಯುವುದು, ಎಲ್ಲ ಮೊದಲಿನಂತೆಯೇ. ಎಳೆದ ಉಸಿರು ಮಾತ್ರ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಎಣ್ಣೆ ಬೆರೆಸುವ ಅಕ್ಬರಿಯ ಮುಖ ನೋಡಿ ಸರಿ, ಸರಿಯಿಲ್ಲ ಎನ್ನುವುದನ್ನು ಕಲಿತ. ಒಮ್ಮೆ ಸೀಮೆಎಣ್ಣೆ ನಾತದ ಕಂತೊಂದು ಅವನ ಕೈಯಿಂದ ಪಾಸಾಗಿ ತುಮಕೂರಿನ ತನಕ ಹೋಗಿ ಹಿಂದಕ್ಕೆ ಬಂತು. ಆವತ್ತು ಸೂಪರ್‌ವೈಸರ್ ಹೇಮಂತ, ಇವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಎಲ್ಲರೆದುರಿಗೆ ಒಂದು ಕಡ್ಡಿ ಅವನ ಮೂಗಿನ ಹತ್ತಿರ ಹಿಡಿದು, ಇದ್ಯಾವುದು ಹೇಳಿ ಅಂಕಲ್, ಎಂದ. ವೀರಬಸಪ್ಪ ಕೇದಿಗೆ ಅಂದ. ಆ ಕಡ್ಡಿಗೆ ಇನ್ನೂ ಎಣ್ಣೆಯನ್ನೇ ಹಾಕಿರಲಿಲ್ಲ. ಹೇಮಂತ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಆ ಹುಡುಗನ ಕಣ್ಣಲ್ಲಿ ಕಂಡ ಕರುಣೆ ಇವತ್ತಿಗೂ ಅವನನ್ನು ಸ್ನಾನದ ಮನೆಯಲ್ಲಿ ಒಬ್ಬನೇ ಇರುವಾಗ ಹಿಡಿದುಕೊಳ್ಳುತ್ತದೆ.

ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ, ತೆಗೆಯಬೇಕು, ಎಂದರು ಆಸ್ಪತ್ರೆಯಲ್ಲಿ. ತೆಗೆದರೂ ಕೆಲವರಿಗೆ ಮತ್ತೆ ಬೆಳೆಯುತ್ತದೆ. ಇದನ್ನು ಹೇಳಿದ್ದು ಡಾಕ್ಟರ್ ದಿವ್ಯ, ಇನ್ನೂ ಓದುತ್ತಿರುವ ತೆಳ್ಳಗಿನ ಹುಡುಗಿ, ಯಾವಾಗಲೂ ಊಟ ಮಾಡದವಳ ಹಾಗೆ ಕಾಣುತ್ತಿದ್ದವಳು. ಇಂಥ ರೋಗಿಗಳಲ್ಲಿ ಬಹಳ ಜನಕ್ಕೆ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇರುತ್ತದೆ. ಅದನ್ನು ತುಂಬಿಸಿದರೆ ಮತ್ತೆ ಬೆಳೆಯುವುದು ನಿಲ್ಲುತ್ತದೋ ಇಲ್ಲವೋ ಗೊತ್ತಿಲ್ಲ. ಅದನ್ನು ನೋಡುವುದಕ್ಕೇ ತನ್ನ ಥೀಸಿಸ್ಸು, ಎಂದಳು. ಆಪರೇಷನ್ ಆದ ಮೇಲೆ ಹನ್ನೆರಡು ಭಾನುವಾರ, ವಾರಕ್ಕೊಂದು ಪುಡಿಯ ಪ್ಯಾಕೆಟ್ ಹಾಲಿನಲ್ಲಿ ಕಲಸಿ ಕುಡಿಯಬೇಕು. ಅರ್ಧ ಜನಕ್ಕೆ ಕೊಡುವ ಪ್ಯಾಕೆಟ್ಟಿನಲ್ಲಿ ಔಷಧಿ, ಇನ್ನರ್ಧ ಜನಕ್ಕೆ ಬರೀ ಸಿಹಿಪುಡಿ. ಯಾರಿಗೆ ಯಾವುದು ಎಂದು ತನಗೂ ಗೊತ್ತಿರುವುದಿಲ್ಲ. ಯಾರಿಗೂ ಕೊಡಬೇಡಿ, ಯಾರದ್ದೂ ತಗೋಬೇಡಿ, ಎಂದು ಎರಡೆರಡು ಸಲ ಹೇಳಿ ಸಹಿ ಹಾಕಿಸಿಕೊಂಡಳು.

ಪಕ್ಕದ ಮಂಚದಲ್ಲಿದ್ದವರು ಸೋಲದೇವನಹಳ್ಳಿಯ ಚಿಕ್ಕಬೈರಪ್ಪನವರು. ಅರವತ್ತಾರು ವರ್ಷ, ಅದೇ ದುರ್ಮಾಂಸ, ಅದೇ ದಿನ ಆಪರೇಷನ್. ಇದ್ದ ಹೊಲದಲ್ಲಿ ನಾಲ್ಕಂತಸ್ತು ಕಟ್ಟಿಸಿ ಕಾಲೇಜು ಮಕ್ಕಳಿಗೆ ರೂಮು ಬಾಡಿಗೆ ಕೊಟ್ಟವರು. ಬಿಸಿಲಲ್ಲೇ ಹುಟ್ಟಿ ಬೆಳೆದವನ ಮೈಯಲ್ಲಿ ಬಿಸಿಲಿಲ್ಲ ಅಂತ ಬರೆದುಬಿಟ್ಟಳಲ್ಲ ಈ ಮಗು, ಎಂದು ಮೂಗಿಗೆ ಹತ್ತಿ ತುರುಕಿಕೊಂಡೇ ನಗುತ್ತಿದ್ದರು. ಆದರೆ ಆಪರೇಷನ್ ಟೇಬಲ್ಲಿನ ಮೇಲೆ ಅವರ ಎದೆಬಡಿತ ಎಡವಿತ್ತು. ಒಂದು ರಾತ್ರಿ ಐಸಿಯುನಲ್ಲಿಟ್ಟು ಕಳಿಸಿದ್ದರು. ಇನ್ನೊಂದು ಸಲ ಮಲಗಿಸಿದರೆ ಏಳುತ್ತೇನೋ ಇಲ್ಲವೋ ಎಂಬುದು ಅವರು ನಗದೆ ಆಡಿದ ಒಂದೇ ಮಾತು. ಮನೆಗೆ ಹೊರಡುವ ದಿನ, ಇಬ್ಬರ ಕೈಯಲ್ಲೂ ನಂಬರು ಬರೆದ ಒಂದೊಂದು ಡಬ್ಬಿ ಬಂದಾಗ, ಅವರು ಹತ್ತಿರ ಸರಿದು ಕೂತರು.

“ಒಬ್ರಿಗೆ ಔಷ್ದಿ, ಒಬ್ರಿಗೆ ಸಕ್ರೆ ಅಂದ್ರೆ ಇದ್ಯಾವ ನ್ಯಾಯ ಬಸಪ್ಪಾರೇ? ನಮ್ಮಪ್ಪ ಒಲಾನ ಕೋರಿಗೆ ಕೊಡ್ತಿದ್ದ. ಬೆಳೆ ಬಂದ್ರೆ ಇಬ್ರಿಗೂ ಅರ್ಧರ್ಧ, ಓದ್ರೆ ಇಬ್ರಿಗೂ ಓಯ್ತು. ನಾವೂ ಅಂಗೇ ಮಾಡನ.”

ವೀರಬಸಪ್ಪನ ಅಪ್ಪ ರೋಣದಲ್ಲಿ ಹೀಗೇ ಇನ್ನೊಬ್ಬರ ಹೊಲವನ್ನು ಪಾಲಿಗೆ ಮಾಡಿದವನು. ಸುಗ್ಗಿಯಲ್ಲಿ ರಾಶಿಯ ನಡುವೆ ಗೆರೆ ಎಳೆದು, ಯಾವ ಕಡೆಯದು ಬೇಕೋ ನೀನೇ ತಗೋ ಎಂದು ಧಣಿ ಹೇಳುತ್ತಿದ್ದದ್ದು ಅವನಿಗೆ ನೆನಪಿತ್ತು. ಡಾಕ್ಟರಿಗೆ ಗೊತ್ತಾದರೆ ಎಂದು ಅಳುಕಿದರೂ, ಹಂಗ ಮಾಡೂಣ್ರಿ ಎಂದುಬಿಟ್ಟ. ಹೇಳುವಾಗ ದೊಡ್ಡ ಭಾರ ಇಳಿದ ಹಾಗಾಗಿತ್ತು. ಪೂರ್ತಿ ಸಿಗದಿದ್ದರೂ ಪೂರ್ತಿ ತಪ್ಪುವುದೂ ಇಲ್ಲ.

ಮೊದಲ ಮೂರು ಭಾನುವಾರ ಅವನು ಸೋಲದೇವನಹಳ್ಳಿಗೆ ಹೋದ. ಚಿಕ್ಕಬೈರಪ್ಪನವರ ಸೊಸೆ ಹಾಲು ಕಾಯಿಸಿ ತಂದಿಟ್ಟು ಒಳಗೆ ಹೋಗುವುದು. ಇಬ್ಬರೂ ತಮ್ಮ ತಮ್ಮ ಪ್ಯಾಕೆಟ್ ಒಂದೇ ಚೊಂಬಿಗೆ ಸುರಿಯುವುದು. ಅವರು ಚಮಚದಲ್ಲಿ ಕದಡಿ ಎರಡು ಲೋಟಕ್ಕೆ ಬಗ್ಗಿಸಿ, ಲೋಟಗಳನ್ನು ಅಕ್ಕಪಕ್ಕ ಹಿಡಿದು ಮಟ್ಟ ನೋಡುವುದು. ನೀವು ಮೊದಲು ತಗೊಳ್ಳಿ ಎನ್ನುತ್ತಿದ್ದರು. ನಾಲ್ಕನೇ ಭಾನುವಾರ ಕಾರ್ಖಾನೆಯಲ್ಲಿ ಹಬ್ಬದ ಆರ್ಡರು, ಹೋಗಲಾಗಲಿಲ್ಲ. ತನ್ನ ಪ್ಯಾಕೆಟ್ಟನ್ನು ತಾನೊಬ್ಬನೇ ಪೂರ್ತಿ ಕುಡಿದ. ಮೂರು ದಿನ ಕಳೆದು, ಬುಧವಾರ ಬೆಳಿಗ್ಗೆ, ಯಶವಂತಪುರದ ಎಪಿಎಂಸಿ ಗೇಟಿನ ಮುಂದೆ ನಡೆದು ಹೋಗುವಾಗ ಕೊಳೆತ ಈರುಳ್ಳಿಯ ನಾತ ಗಪ್ಪೆಂದು ಮೂಗಿಗೆ ಬಡಿಯಿತು. ಜನ ಮೂಗು ಮುಚ್ಚಿಕೊಂಡು ಓಡುವ ಜಾಗದಲ್ಲಿ ಅವನು ನಿಂತೇಬಿಟ್ಟ. ಕಣ್ಣಲ್ಲಿ ಧಾರಾಕಾರ ನೀರು. ಈರುಳ್ಳಿ ಮೂಟೆ ಹೊತ್ತವನೊಬ್ಬ, ದಾರಿ ಬಿಡ್ರೀ ಯಜಮಾನ್ರೇ, ಅಂತ ಬೈದುಕೊಂಡು ಹೋದ. ಬೈಸಿಕೊಂಡದ್ದೂ ಹಿತವಾಗಿತ್ತು.

ಆ ಹಿತ ಸಂಜೆಯ ತನಕವೂ ಉಳಿಯಲಿಲ್ಲ. ಮೂರು ವಾರ ಅರ್ಧ ಕುಡಿದಾಗ ಬಾರದ್ದು, ಪೂರ್ತಿ ಕುಡಿದ ಮೂರೇ ದಿನಕ್ಕೆ ಬಂತಲ್ಲ! ಹಾಗಾದರೆ ಔಷಧಿ ಇರುವುದು ನನ್ನ ಡಬ್ಬಿಯಲ್ಲಿ. ಆಪರೇಷನ್ ಗಾಯ ಮಾಗಿದ್ದಕ್ಕೇ ಬಂದಿರಬಹುದು ಎಂದು ಅವನಿಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಅದನ್ನು ನಂಬುವ ಧೈರ್ಯ ಇರಲಿಲ್ಲ. ಉಳಿದದ್ದು ಎಂಟು ಪ್ಯಾಕೆಟ್. ಅರ್ಧ ಕೊಟ್ಟರೆ ನನಗೆ ನಾಲ್ಕು. ನಾಲ್ಕಕ್ಕೆ ಮೂಗು ಉಳಿಯುತ್ತದೆಯೇ? ಮತ್ತೆ ಆ ಗೋಡೆ, ಮತ್ತೆ ಹೇಮಂತನ ಕಣ್ಣು. ಆಸೆಯಲ್ಲ ಅದು, ಅವನು ಎಷ್ಟೋ ಸಲ ತನ್ನ ಮುಂದೆಯೇ ವಾದಿಸಿದ್ದಾನೆ, ಭಯ, ಬರೀ ಭಯ. ಭಯಕ್ಕೆ ಬಿದ್ದ ಮನುಷ್ಯ ಎಷ್ಟು ಚುರುಕಾಗಿ ಯೋಚಿಸುತ್ತಾನೆ ಎಂಬುದನ್ನು ನೋಡಿ ಅವನಿಗೇ ಹೇಸಿಗೆಯಾಗಿತ್ತು. ಭಾನುವಾರ ಕೆಲಸ ಇರುತ್ತದೆ, ಬರಲಾಗುವುದಿಲ್ಲ, ಜಾಲಹಳ್ಳಿ ಕ್ರಾಸಿನಲ್ಲಿ ಸಿಕ್ಕಿ ಅರ್ಧರ್ಧ ಪುಡಿ ಪೊಟ್ಟಣ ಕಟ್ಟಿ ಬದಲಾಯಿಸಿಕೊಳ್ಳೋಣ ಎಂದು ಫೋನಿನಲ್ಲಿ ಹೇಳಿದ. ಅದಕ್ಕೇನಂತೆ, ಎಂದರು ಅವರು. ಮೆಡಿಕಲ್ ಶಾಪಿನಿಂದ ಗ್ಲೂಕೋಸ್ ಪುಡಿ ತಂದ. ಹೆಂಡತಿ ರತ್ನಕ್ಕ ಯಾಕೆಂದಾಗ ಸುಸ್ತು ಎಂದ. ಅವಳು ಪಾಪ ನಿಂಬೆಹಣ್ಣು ಹಿಂಡಿ ಶರಬತ್ತು ಮಾಡಿಕೊಟ್ಟಳು. ಎಂಟು ಭಾನುವಾರ ಮೆಟ್ರೋ ಮೆಟ್ಟಿಲ ಕೆಳಗೆ ಗ್ಲೂಕೋಸಿನ ಪೊಟ್ಟಣವನ್ನು ಆ ಹಿರಿಯರ ಕೈಗಿಟ್ಟು, ಅವರು ತಲೆಯಾಡಿಸಿ ಕೊಟ್ಟದ್ದನ್ನು ತೆಗೆದುಕೊಂಡು ಬಂದ. ತನ್ನದನ್ನು ಪೂರ್ತಿ ಕುಡಿದ. ಯಾವುದಕ್ಕೂ ಇರಲಿ ಎಂದು ಅವರದನ್ನೂ, ಎಷ್ಟಿದೆ ಎಂದು ನೋಡದೆ, ಅದೇ ಹಾಲಿಗೆ ಸುರಿದು ಕುಡಿದ.

ಆಸ್ಪತ್ರೆಯ ಮೂರನೇ ಮಹಡಿಯ ಬೆಂಚಿನ ಮೇಲೆ ಚಿಕ್ಕಬೈರಪ್ಪನವರು ಆಗಲೇ ಬಂದು ಕೂತಿದ್ದರು. ದೂರದಿಂದಲೇ ಅವನಿಗೆ ಕಂಡದ್ದು ಅವರ ತೆರೆದ ಬಾಯಿ. ಬಾಯಿಂದ ಉಸಿರಾಡುತ್ತಿದ್ದರು. ತಿರುಗಿ ಮೆಟ್ಟಿಲಿಳಿದು ಹೋಗಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಅವರೇ ಕೈ ಎತ್ತಿ, ಪಕ್ಕದ ಜಾಗದ ಮೇಲಿದ್ದ ತಮ್ಮ ಟವೆಲ್ ತೆಗೆದರು. ಅವನಿಗೆ ಅಂತಲೇ ಜಾಗ ಹಿಡಿದಿದ್ದರು. ಹದಿನೈದು ದಿನದಿಂದ ಮತ್ತೆ ಕಟ್ಟಿದೆ, ರಾತ್ರಿ ಬಾಯಿ ಒಣಗಿ ಎಚ್ಚರವಾಗುತ್ತದೆ, ಸೊಪ್ಪಿನ ಸಾರಿಗೂ ನೀರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದರು. ನಿಮಗೆ ಹೇಗಿದೆ ಎಂದು ಕೇಳಿದರು. ಅಷ್ಟಕ್ಕಷ್ಟೇ ಎಂದ ವೀರಬಸಪ್ಪ. ಹಾಗೆ ಅನ್ನುತ್ತಿರುವಾಗಲೇ ಅವರ ಟವೆಲ್ಲಿನ ಬಟ್ಟೆ ಸೋಪು, ಅವರು ಹಚ್ಚಿದ್ದ ಕೊಬ್ಬರಿ ಎಣ್ಣೆ, ಜೇಬಿನಲ್ಲಿದ್ದ ಎಲೆಯಡಿಕೆ, ಒಂದೊಂದೂ ಬೇರೆ ಬೇರೆಯಾಗಿ ಅವನ ಮೂಗಿಗೆ ಬಂತು.

ಒಬ್ಬೊಬ್ಬರನ್ನೇ ಒಳಗೆ ಕರೆದು ದಿವ್ಯ ಮೂಗಿಗೆ ಕೊಳವೆ ಹಾಕಿ ನೋಡಿದಳು. ಅವನದು ಪೂರ್ತಿ ಸ್ವಚ್ಛ. ಅವಳ ಮುಖ ಅರಳಿತ್ತು. ರಕ್ತದ ವರದಿ ತಿರುಗಿಸಿ, ವಿಟಮಿನ್ ಡಿ ಮೊದಲು ಒಂಬತ್ತಿತ್ತು, ಈಗ ನಲವತ್ಮೂರು, ಸೂಪರ್ ಅಂಕಲ್, ಎಂದಳು. ಹೊರಗೆ ಬರುವಾಗ ಅವನಿಗೆ ಬಾಗಿಲ ಹಿಡಿ ಯಾವ ಕಡೆ ತಿರುಗಿಸಬೇಕೆಂದು ತಿಳಿಯಲಿಲ್ಲ. ಹಾಗಾದರೆ ನಿಜವೇ. ಔಷಧಿ ಇದ್ದದ್ದು ನನ್ನ ಡಬ್ಬಿಯಲ್ಲೇ. ಇಷ್ಟು ದಿನ ಅದು ಬರೀ ಅನುಮಾನವಾಗಿದ್ದರಿಂದ, ಎಲ್ಲೋ ಒಂದು ಕಡೆ, ನಾನೇನೂ ಕದ್ದಿಲ್ಲದೆಯೂ ಇರಬಹುದು ಎಂಬ ಸಂದು ಉಳಿದಿತ್ತು. ಈಗ ಅದೂ ಮುಚ್ಚಿತು. ಚಿಕ್ಕಬೈರಪ್ಪನವರು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದವರು ಪಕ್ಕದಲ್ಲಿ ಕೂತು, ಎರಡೂ ಕಡೆ ಬೆಳೆದಿದೆಯಂತೆ, ಮತ್ತೆ ಕುಯ್ಯಬೇಕಂತೆ, ರಕ್ತದಲ್ಲಿ ಬರೀ ಹನ್ನೆರಡಂತೆ ಎಂದು ಬೇರೆ ಯಾರದ್ದೋ ವಿಷಯ ಹೇಳುವ ಹಾಗೆ ಹೇಳಿದರು. ವರದಿಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಟವೆಲ್ಲಿನೊಳಗೆ ಸುತ್ತಿಟ್ಟರು. ಈಗ ಹೇಳಬೇಕು ಎಂದುಕೊಂಡ ವೀರಬಸಪ್ಪ. ಹೇಳಲಿಲ್ಲ.

ಕಾಲು ಗಂಟೆಯಲ್ಲಿ ಇಬ್ಬರನ್ನೂ ಒಟ್ಟಿಗೆ ದೊಡ್ಡ ಡಾಕ್ಟರ ಕೋಣೆಗೆ ಕರೆದರು. ಕರೆದ ನರ್ಸಿನ ಮುಖ ಬಿಗಿದಿತ್ತು. ಮುಗಿಯಿತು, ರಕ್ತ ಹೇಳಿಬಿಟ್ಟಿತು, ಎಂದು ಅವನಿಗೆ ಖಾತ್ರಿಯಾಯಿತು. ಒಳಗೆ ಮೇಜಿನ ಮೇಲೆ ಒಂದು ಉದ್ದನೆಯ ಪಟ್ಟಿ ಬಿಚ್ಚಿತ್ತು. ಎಲ್ಲ ರೋಗಿಗಳದೂ ಹನ್ನೆರಡು ವಾರ ಮುಗಿದದ್ದರಿಂದ ಯಾರಿಗೆ ಯಾವ ಪುಡಿ ಎಂದು ಆವತ್ತೇ ತೆರೆದು ನೋಡಿದ್ದರು. ದಿವ್ಯ ಗೋಡೆಗೆ ಒರಗಿ ನಿಂತಿದ್ದಳು, ಕಣ್ಣು ಕೆಂಪಾಗಿತ್ತು. ದೊಡ್ಡ ಡಾಕ್ಟರು ಪಟ್ಟಿಯ ಮೇಲೆ ಬೆರಳಿಟ್ಟು ಹೇಳಿದ್ದು ವೀರಬಸಪ್ಪನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಔಷಧಿಯ ಡಬ್ಬಿ ಚಿಕ್ಕಬೈರಪ್ಪನವರದು. ಅವನ ಡಬ್ಬಿಯದು ಸಿಹಿಪುಡಿ. ಸಿಹಿಪುಡಿ ಕುಡಿದವನ ರಕ್ತದಲ್ಲಿ ನಲವತ್ಮೂರು ಹೇಗೆ ಬಂತು, ಔಷಧಿ ಕುಡಿದವರಲ್ಲಿ ಹನ್ನೆರಡು ಯಾಕೆ? ಡಬ್ಬಿ ಅದಲು ಬದಲು ಮಾಡಿ ಕೊಟ್ಟಿದ್ದಾಳೆ ಈಕೆ, ಎರಡು ವರ್ಷದ ಕೆಲಸವನ್ನು ನೀರಲ್ಲಿ ಹೋಮ ಮಾಡಿದ್ದಾಳೆ ಎಂದು ಅವರು ಗದರುತ್ತಿದ್ದರು. ನಂಬರ್ ನೋಡೇ ಕೊಟ್ಟಿದ್ದು ಸರ್, ಎಂದಳು ದಿವ್ಯ. ದನಿ ಅರ್ಧಕ್ಕೇ ಒಡೆಯಿತು.

ನನ್ನದು ಖಾಲಿ. ಖಾಲಿಯದನ್ನು ಕೊಡಬಾರದೆಂದು ನಾನು ಇಷ್ಟೆಲ್ಲ ಮಾಡಿದೆ. ವೀರಬಸಪ್ಪನಿಗೆ ನಗು ಬಂದ ಹಾಗಾಯಿತು. ಒಂದು ಕ್ಷಣ, ನಾಚಿಕೆಯಿಲ್ಲದೆ, ಅವನಿಗೆ ಹಗುರವೂ ಆಯಿತು: ಸಕ್ಕರೆಯ ಬದಲು ಗ್ಲೂಕೋಸ್ ಕೊಟ್ಟರೆ ಯಾರ ಗಂಟು ಹೋಯಿತು? ಸುಮ್ಮನಿದ್ದರೆ ಬೈಗುಳವೆಲ್ಲ ಈ ಹುಡುಗಿಯ ತಲೆಗೆ ಹೋಗಿ, ತಾನು ಮನೆಗೆ ಹೋಗಬಹುದು. ನೆಲದ ಟೈಲ್ಸು ನೋಡುತ್ತಾ ನಿಂತ. ಬಾಯಿ ಬಿಟ್ಟವರು ಚಿಕ್ಕಬೈರಪ್ಪನವರು.

“ಆ ಮಗೀಗೆ ಬೈಬ್ಯಾಡಿ ಸಾ. ನಾವಿಬ್ರೂ ಅಂಚ್ಕೊಂಡ್ವಿ.”

ಕೋರಿನ ವಿಷಯ, ಹಾಲಿನ ಚೊಂಬಿನ ವಿಷಯ ಎಲ್ಲ ಹೇಳಿದರು. ದೊಡ್ಡ ಡಾಕ್ಟರು ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ, ಅರ್ಧರ್ಧ ಹಂಚಿಕೊಂಡಿದ್ದರೆ ಇಬ್ಬರದೂ ಹತ್ತಿರ ಹತ್ತಿರ ಇರಬೇಕಿತ್ತಲ್ಲ, ಒಬ್ಬರದು ಇಷ್ಟು ಮೇಲೆ, ಒಬ್ಬರದು ಇಷ್ಟು ಕೆಳಗೆ ಯಾಕೆ ಎಂದು ಕೇಳಿದರು. ಚಿಕ್ಕಬೈರಪ್ಪನವರು ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡರು.

“ಆರನೇ ವಾರದಿಂದ ನಂದು ಪೂರ್ತಿ ಇವ್ರಿಗೇ ಕಟ್ಟಿಕೊಟ್ಟೆ ಸಾ. ಇವ್ರಿಗೆ ಮೂಗಿಂದ್ಲೇ ಅನ್ನ. ನಂಗೇನು, ಬಾಡ್ಗೆ ಬತ್ತದೆ.”

ದಿವ್ಯ ಕಣ್ಣೊರೆಸಿಕೊಂಡು ಪೆನ್ನು ಹಿಡಿದಳು. ಹಾಗಾದರೆ ಅವರು ನಿಮಗೆ ಏನು ಕೊಡುತ್ತಿದ್ದರು ಎಂದು ಕೇಳಿದಳು. ವೀರಬಸಪ್ಪನ ಕಡೆ ನೋಡದೆಯೇ ಚಿಕ್ಕಬೈರಪ್ಪನವರು, ಅವರೂ ಒಂದು ವಾರವೂ ತಪ್ಪದೆ ಕೊಟ್ಟರು ಎಂದುಬಿಟ್ಟರು. ಅವಳು ಬರೆದುಕೊಂಡಳು. ಇಬ್ಬರನ್ನೂ ಸ್ಟಡಿಯಿಂದ ತೆಗೆದುಹಾಕುವುದಾಗಿ, ಹಿರಿಯರಿಗೆ ಹೃದಯದ ಡಾಕ್ಟರ ಹತ್ತಿರ ತೋರಿಸಿ ಮುಂದಿನ ತಿಂಗಳು ಆಪರೇಷನ್ ಮಾಡುವುದಾಗಿ ದೊಡ್ಡ ಡಾಕ್ಟರು ಹೇಳಿದರು. ಹೊರಗೆ ಕಾರಿಡಾರಿನಲ್ಲಿ ವೀರಬಸಪ್ಪ ದಿವ್ಯಳ ಹಿಂದೆ ಓಡಿಹೋಗಿ, ಅವರು ಪೂರ್ತಿ ಕುಡಿದಿದ್ದರೆ ಬೆಳೆಯುತ್ತಿರಲಿಲ್ಲವೇನ್ರಿ ಎಂದು ಕೇಳಿದ. ಬೆಳೆಯುತ್ತಿರಲಿಲ್ಲ ಅಂದುಬಿಡಲಿ, ಇಲ್ಲವೇ ಬೆಳೆದೇ ಬೆಳೆಯುತ್ತಿತ್ತು ಅಂದುಬಿಡಲಿ, ಎರಡರಲ್ಲಿ ಒಂದು ಸಿಕ್ಕರೆ ಸಾಕು ಎಂದು ಅವನ ಜೀವ ಹಾತೊರೆಯುತ್ತಿತ್ತು. ಅವಳು ಬಹಳ ದಣಿದಿದ್ದಳು.

“ಗೊತ್ತಿಲ್ಲ ಅಂಕಲ್. ಅದನ್ನ ತಿಳ್ಕೊಳ್ಳೋಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು. ನಿಮ್ಮಿಬ್ಬರ ವಿಷಯದಲ್ಲಿ ಇನ್ನು ಯಾರಿಗೂ ಗೊತ್ತಾಗಲ್ಲ.”

ಬಸ್‌ಸ್ಟಾಪಿನಲ್ಲಿ ನೆರಳಿರಲಿಲ್ಲ. ಫ್ಲೈಓವರಿನ ಮೇಲೆ ಏರ್‌ಪೋರ್ಟಿನ ಕಡೆ ಹೋಗುವ ಕಾರುಗಳು ಒಂದೇ ಸಮನೆ ಸುಯ್ ಎನ್ನುತ್ತಿದ್ದವು. ಚಿಕ್ಕಬೈರಪ್ಪನವರು ಬಿಸಿಲಿಗೆ ಮುಖ ಕೊಟ್ಟು, ಬಾಯಿ ತೆರೆದುಕೊಂಡು ನಿಂತಿದ್ದರು. ಅವರು ಒಂದು ಮಾತು ಬೈದಿದ್ದರೆ, ಮುಖ ತಿರುಗಿಸಿದ್ದರೆ, ವೀರಬಸಪ್ಪ ಸುಮ್ಮನೆ ಮನೆಗೆ ಹೋಗಿಬಿಡುತ್ತಿದ್ದನೇನೋ. ಅವರು ಜೇಬಿನಿಂದ ಎಲೆಯಡಿಕೆ ತೆಗೆದು, ಹಾಕ್ಕೊಳ್ಳಿ ಎಂದು ಅವನ ಮುಂದೆ ಹಿಡಿದರು.

“ನಾ ನಿಮಗ ಕೊಟ್ಟಿದ್ದು ಗ್ಲೂಕೋಸ್ ರೀ,” ಎಂದ. ಅಂದಮೇಲೆ ತನ್ನ ದನಿ ತನಗೇ ಕೇಳಿಸಿತೋ ಇಲ್ಲವೋ ಎಂದು ಅನುಮಾನವಾಗಿ ಇನ್ನೊಮ್ಮೆ ಹೇಳಿದ. “ಎಂಟೂ ವಾರ. ಔಷಧ ನನ್ನ ಡಬ್ಬ್ಯಾಗ ಐತಿ ಅನಕೊಂಡಿದ್ದೆ. ನಿಮಗ ಕೊಡಾಕ ಮನಸ್ಸು ಬರಲಿಲ್ಲ.”

“ಗೊತ್ತು.”

ಅವರು ಎಲೆಗೆ ಸುಣ್ಣ ಸವರುತ್ತಿದ್ದರು. ಬೆರಳು ನಿಲ್ಲಲಿಲ್ಲ.

“ಮೂಗು ಓಗಿದ್ರೂ ನಾಲ್ಗೆ ಐತಲ್ಲ ಬಸಪ್ಪಾರೇ. ಗ್ಲೂಕೋಸ್ ಬಾಯಿಗೆ ಆಕ್ಕೊಂಡ್ರೆ ತಣ್ಣಗಾಯ್ತದೆ. ಐದನೇ ವಾರಾನೇ ಗೊತ್ತಾಯ್ತು. ಒಂದಿನ ಪೂರ್ತಿ ಸಿಟ್ಟು ಬಂತು, ಸುಳ್ಳ್ಯಾಕೆ ಏಳ್ಲಿ. ಆಮೇಕೆ ಯೋಚ್ನೆ ಮಾಡ್ದೆ. ಇಂಗ್ ಮಾಡ್ಬೇಕಾದ್ರೆ ಈ ಯಪ್ಪ ಎಷ್ಟ್ ಎದ್ರಿರ್ಬೇಕು ಅಂತ. ಅದಕ್ಕೇ ನಂದೂ ಪೂರ್ತಿ ಕಟ್ಟಿ ಕೊಟ್ಬುಟ್ಟೆ.”

ವೀರಬಸಪ್ಪನಿಗೆ ಕೂತುಕೊಳ್ಳಬೇಕು ಅನಿಸಿತು, ಕೂರಲು ಏನೂ ಇರಲಿಲ್ಲ. ಕಾಲಿಗೆ ಬೀಳೋಣವೆಂದರೆ ಸುತ್ತ ಜನ. ಜನ ಇರುವುದು ಲೆಕ್ಕಕ್ಕೆ ಬಂತಲ್ಲ ಎಂದು ಅದಕ್ಕೂ ಅಸಹ್ಯವಾಯಿತು. ಸೋಲದೇವನಹಳ್ಳಿಯ ಮೇಲೆ ಹೆಸರಘಟ್ಟಕ್ಕೆ ಹೋಗುವ ಬಸ್ಸೊಂದು ಬಂದು ನಿಂತಿತು. ಚಿಕ್ಕಬೈರಪ್ಪನವರು ಹತ್ತಲಿಲ್ಲ. ಬಸ್ಸು ಹೋದ ಮೇಲೆ, ಮಡಚಿದ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಇಟ್ಟುಕೊಂಡು, ಡಾಕ್ಟರ ಕೋಣೆಯಿಂದ ಬಂದ ಮೇಲೆ ಮೊದಲ ಸಲ ಅವನ ಮುಖ ನೋಡಿದರು. ಆ ಕಣ್ಣುಗಳನ್ನು ಅವನು ಗುರುತು ಹಿಡಿದ. ಒಂದು ವರ್ಷ ಕನ್ನಡಿಯಲ್ಲಿ ದಿನಾ ನೋಡಿದ್ದ ಕಣ್ಣುಗಳು.

“ಈಗ ನಂಗೂ ಎದ್ರಿಕೆ ಆಯ್ತಾ ಐತೆ ಬಸಪ್ಪಾರೇ. ಆಪ್ರೇಸನ್ ದಿನ ಬತ್ತೀರಾ?”

“ಬರ್ತೀನ್ರಿ,” ಎಂದ ವೀರಬಸಪ್ಪ.

ಚಿಕ್ಕಬೈರಪ್ಪನವರು ತಲೆಯಾಡಿಸಿದರು, ಎಂಟು ಭಾನುವಾರ ಅವನ ಕೈಯಿಂದ ಪೊಟ್ಟಣ ಈಸಿಕೊಳ್ಳುವಾಗ ಆಡಿಸಿದ ಹಾಗೆಯೇ.